ಕೊನೆಯ ಗಿಡದ ಬುಡದಲ್ಲಿ ಎಷ್ಟು ನೀರು?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡ್ರಿಪ್ಪಿನವೇ. ಬಿಸಿಲು ಏರುತ್ತಿದೆ, ಕೊಳವೆಬಾವಿಗಳು ಇಳಿಯುತ್ತಿವೆ. ಬೇರೆ ಪ್ರಶ್ನೆಗಳಿಗೆ ಈಗ ಯಾರಿಗೂ ವ್ಯವಧಾನವಿಲ್ಲ. ಕೀಟ, ಮಾರುಕಟ್ಟೆಯ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು ನೀರಿನವನ್ನು ಮಾತ್ರ ತೆಗೆದುಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನನ್ನದು ಹುನಗುಂದ ತಾಲ್ಲೂಕಿನಲ್ಲಿ ಏಳು ಎಕರೆ ದಾಳಿಂಬೆ, ಎರಡೂವರೆ ಎಕರೆ ನಿಂಬೆ. ಅರ್ಧ ಮಸಾರಿ ಎಂಬ ಕೆಂಪು ಮಣ್ಣು, ಅರ್ಧ ಎರೆ ಎಂಬ ಕಪ್ಪು ಮಣ್ಣು. ಹತ್ತೊಂಬತ್ತು ವರ್ಷಗಳಿಂದ ಎಲ್ಲವೂ ಹನಿ ನೀರಾವರಿಯಲ್ಲಿಯೇ ಇದೆ. ನಾನು ಹೇಳುವುದರಲ್ಲಿ ಹೆಚ್ಚಿನದು ಈ ಹೊಲ ಕಲಿಸಿದ್ದು.

ಪ್ರಶ್ನೆ: ಅಕ್ಕನವರೇ, ಮೂರು ಎಕರೆಯಲ್ಲಿ ಭಗವಾ ದಾಳಿಂಬೆ ಹಾಕಿ ಇದು ನಾಲ್ಕನೆಯ ವರ್ಷ. 15×10 ಅಡಿ ಅಂತರ. ಗಿಡಕ್ಕೆ 4 ಲೀಟರಿನ ನಾಲ್ಕು ಡ್ರಿಪ್ಪರ್. ದಿನವೂ ಎರಡು ತಾಸು ನೀರು ಬಿಡುತ್ತೇನೆ. ವಾಲ್ವ್ ಹತ್ತಿರದ ಸಾಲುಗಳು ತುಂಬಿಕೊಂಡಿವೆ, ಕೊನೆಯ ಆರು ಸಾಲುಗಳು ಮಾತ್ರ ಬಡಕಲಾಗಿವೆ, ಕಾಯಿ ಸಣ್ಣ. ಕೊನೆಯ ಸಾಲುಗಳಿಗೆ ಗೊಬ್ಬರ ಹೆಚ್ಚು ಮಾಡಲೇ? — ಓದುಗರು, ಕುಷ್ಟಗಿ

ಉತ್ತರ: ಬೇಡ, ತಮ್ಮ. ಗೊಬ್ಬರದ ಚೀಲಕ್ಕೆ ಕೈ ಹಾಕುವ ಮೊದಲು ಒಂದು ಲೋಟ, ಮಿಲಿಲೀಟರ್ ಗುರುತಿರುವ ಒಂದು ಸಿರಿಂಜು ಮತ್ತು ಗಡಿಯಾರವಿರುವ ಮೊಬೈಲ್ ಹಿಡಿದು ಹೊಲಕ್ಕೆ ಹೋಗಿ. ಪಂಪ್ ಹಾಕಿ ಕಾಲು ತಾಸು ಬಿಡಿ. ಆಮೇಲೆ ಮೊದಲ ಸಾಲಿನ ಮೊದಲ ಗಿಡ, ಅದೇ ಸಾಲಿನ ಕೊನೆಯ ಗಿಡ, ಕೊನೆಯ ಸಾಲಿನ ಮೊದಲ ಗಿಡ, ಕೊನೆಯ ಸಾಲಿನ ಕಟ್ಟಕಡೆಯ ಗಿಡ, ಈ ನಾಲ್ಕು ಕಡೆ ಡ್ರಿಪ್ಪರಿನ ಕೆಳಗೆ ಮಣ್ಣು ತುಸು ಬಗೆದು ಲೋಟ ಇಡಿ. ಸರಿಯಾಗಿ ಒಂದು ನಿಮಿಷ. ತಾಸಿಗೆ 4 ಲೀಟರ್ ಎಂದು ಬರೆದಿರುವ ಡ್ರಿಪ್ಪರ್ ಒಂದು ನಿಮಿಷಕ್ಕೆ 66–67 ಮಿ.ಲೀ. ಕೊಡಬೇಕು. ಸಿರಿಂಜಿನಿಂದ ಎಳೆದು ಅಳೆದು ಬರೆದುಕೊಳ್ಳಿ.

ನಾನು ಮೊದಲ ಸಲ ಹೀಗೆ ಅಳೆದದ್ದು ತೋಟ ಹಾಕಿದ ಐದನೆಯ ವರ್ಷದಲ್ಲಿ. ವಾಲ್ವ್ ಪಕ್ಕದ ಗಿಡದಲ್ಲಿ 68 ಬಂತು. ಕಟ್ಟಕಡೆಯ ಗಿಡದಲ್ಲಿ 31. ಪಂಪ್ ಮನೆಯಲ್ಲಿ ನಿಂತು ನಾನು ಐದು ವರ್ಷ ಎಲ್ಲ ಗಿಡಗಳಿಗೂ ಎರಡು ತಾಸು ನೀರು ಕೊಟ್ಟೆನೆಂದು ನಂಬಿದ್ದೆ. ಕೊನೆಯ ಗಿಡಗಳು ಅರ್ಧ ಹೊಟ್ಟೆಯಲ್ಲಿದ್ದವು. ನೀರಿನಲ್ಲೇ ಗೊಬ್ಬರ ಬಿಡುವವರು ನಾವು, ಹಾಗಾಗಿ ಗೊಬ್ಬರವೂ ಅವಕ್ಕೆ ಅರ್ಧವೇ. ನೀವು ಇನ್ನೊಂದು ಚೀಲ ಸುರಿದರೆ ಅದೂ ಮೊದಲ ಸಾಲಿನವರ ಪಾಲಿಗೇ ಹೋಗುತ್ತದೆ.

ಮೊದಲು ನಿಮ್ಮ ಬಾವಿಯ ಲೆಕ್ಕ ಮಾಡೋಣ. 15×10 ಅಡಿ ಅಂತರದಲ್ಲಿ ಎಕರೆಗೆ ಸುಮಾರು 300 ಗಿಡ. ಗಿಡಕ್ಕೆ ತಾಸಿಗೆ 16 ಲೀಟರ್ ಎಂದರೆ ಎಕರೆಗೆ 4,800 ಲೀಟರ್, ಮೂರು ಎಕರೆ ಒಟ್ಟಿಗೆ ಬಿಟ್ಟರೆ 14,400 ಲೀಟರ್. ಈಗ 200 ಲೀಟರಿನ ಡ್ರಮ್ ಒಂದನ್ನು ಪಂಪಿನ ಬಾಯಿಗೆ ಹಿಡಿಯಿರಿ. ಒಂದು ನಿಮಿಷದಲ್ಲಿ ತುಂಬಿದರೆ ನಿಮ್ಮ ಬಾವಿ ತಾಸಿಗೆ 12,000 ಲೀಟರ್ ಕೊಡುತ್ತಿದೆ. ಡ್ರಿಪ್ಪಿಗೆ ಜೋಡಿಸಿ ಒತ್ತಡ ಬಿದ್ದಾಗ ಇನ್ನೂ ಕಡಿಮೆ. ಇಷ್ಟು ನೀರಿನಲ್ಲಿ ಮೂರು ಎಕರೆಯ ವಾಲ್ವ್‌ಗಳನ್ನು ಒಟ್ಟಿಗೆ ತೆರೆದರೆ ಕೊನೆಯ ಗಿಡ ಬಡವಾಗದೆ ಇನ್ನೇನಾಗುತ್ತದೆ? ಎರಡು ಎಕರೆ ಒಮ್ಮೆ, ಉಳಿದ ಒಂದು ಎಕರೆ ಇನ್ನೊಮ್ಮೆ ಬಿಡಿ. ಪತ್ರದಲ್ಲಿ ನೀವು ಎಷ್ಟು ವಾಲ್ವ್ ಒಟ್ಟಿಗೆ ತೆರೆಯುತ್ತೀರೆಂದು ಬರೆದಿಲ್ಲ. ಆದರೆ ನನ್ನ ಅನುಭವದಲ್ಲಿ ಹತ್ತರಲ್ಲಿ ಆರು ತೋಟಗಳ ರೋಗ ಇದೇ. ಕರೆಂಟು ಇರುವಷ್ಟರಲ್ಲಿ ಎಲ್ಲ ಮುಗಿಸಬೇಕೆಂಬ ಅವಸರದಲ್ಲಿ ಎಲ್ಲ ವಾಲ್ವ್‌ಗಳನ್ನೂ ತೆರೆದುಬಿಡುತ್ತೇವೆ.

ಎರಡನೆಯದು, ಫಿಲ್ಟರ್. ಫಿಲ್ಟರಿನ ಹಿಂದೆ ಒಂದು, ಮುಂದೆ ಒಂದು ಪ್ರೆಷರ್ ಗೇಜ್ ಇರಬೇಕು. ಎರಡರ ನಡುವಿನ ವ್ಯತ್ಯಾಸ ಅರ್ಧ ಕಿಲೋ (ಚದರ ಸೆಂ.ಮೀ.ಗೆ) ಮುಟ್ಟಿತೆಂದರೆ ಮರಳು ಫಿಲ್ಟರಿಗೆ ಬ್ಯಾಕ್‌ವಾಶ್ ಕೊಡಿ (ನೀರನ್ನು ಹಿಮ್ಮುಖವಾಗಿ ಹಾಯಿಸಿ ತೊಳೆಯಿರಿ), ಜಾಲರಿ ಫಿಲ್ಟರ್ ಬಿಚ್ಚಿ ಬ್ರಶ್ಶಿನಿಂದ ತೊಳೆಯಿರಿ. ಹಳೆಯ ಗೇಜಿನ ಮುಳ್ಳು ಎಲ್ಲೋ ಅಂಟಿಕೊಂಡು ವರ್ಷಗಟ್ಟಲೆ ಒಂದೇ ಅಂಕೆ ತೋರಿಸುತ್ತಿರುತ್ತದೆ. ಪಂಪ್ ನಿಲ್ಲಿಸಿದಾಗ ಮುಳ್ಳು ಸೊನ್ನೆಗೆ ಬರುತ್ತದೆಯೇ, ನೋಡಿ.

ಮೂರನೆಯದು, ಸಾಲಿನ ಕೊನೆಯ ಮುಚ್ಚಳ. ಪಂಪ್ ಓಡುತ್ತಿರುವಾಗಲೇ ಗಿಡಗಳ ಸಾಲಿನುದ್ದಕ್ಕೂ ಹೋಗುವ ಸಣ್ಣ ಪೈಪುಗಳ, ಅಂದರೆ ಲ್ಯಾಟರಲ್‌ಗಳ ಕೊನೆ ಬಿಚ್ಚಿ, ಒಂದು ಸಲಕ್ಕೆ ನಾಲ್ಕೈದು ಸಾಲು ಸಾಕು. ಮೊದಲು ಕಾಫಿ ಬಣ್ಣದ ನೀರು ಬರುತ್ತದೆ, ಆಮೇಲೆ ಚಹಾದಂತೆ, ಆಮೇಲೆ ತಿಳಿ. ತಿಳಿ ನೀರು ಕಾಣುವವರೆಗೆ ಮುಚ್ಚಬೇಡಿ. ಸಾಲುಗಳಿಗೆ ನೀರು ಹಂಚುವ ದಪ್ಪ ಪೈಪಾದ ಸಬ್‌ಮೈನ್‌ನ ಫ್ಲಶ್ ವಾಲ್ವ್ ಅನ್ನು ಇದಕ್ಕಿಂತ ಮೊದಲೇ ತೆರೆದು ತೊಳೆದಿರಬೇಕು, ಇಲ್ಲದಿದ್ದರೆ ಅಲ್ಲಿನ ಕೆಸರೆಲ್ಲ ಸಣ್ಣ ಪೈಪಿಗೆ ನುಗ್ಗುತ್ತದೆ. ಹದಿನೈದು ದಿನಕ್ಕೊಮ್ಮೆ ನಾನು ಇದನ್ನು ತಪ್ಪಿಸುವುದಿಲ್ಲ.

ಇಷ್ಟಾದ ಮೇಲೂ ಕೊನೆಯ ಲೋಟದಲ್ಲಿ 60 ಮಿ.ಲೀ. ದಾಟದಿದ್ದರೆ ಸಾಲಿನ ಉದ್ದ ಅಳೆಯಿರಿ. 16 ಮಿ.ಮೀ. ಪೈಪಿನಲ್ಲಿ ಅರ್ಧ ಮೀಟರಿಗೊಂದು 4 ಲೀಟರಿನ ಡ್ರಿಪ್ಪರ್ ಇದ್ದರೆ ಸಮತಟ್ಟು ಜಾಗದಲ್ಲೂ 60 ಮೀಟರಿನಾಚೆ ಒಯ್ಯಬಾರದು. ಏರಿನ ಮೇಲೆ ಇನ್ನೂ ಕಡಿಮೆ. ಹತ್ತು ಮೀಟರ್ ಏರಿಗೆ ಒಂದು ಕಿಲೋ ಒತ್ತಡ ಹೋಗುತ್ತದೆ. ಹಣ ಉಳಿಸಲೆಂದು ಒಂದು ಸಬ್‌ಮೈನ್ ಕಡಿಮೆ ಮಾಡಿ ಸಾಲನ್ನು ನೂರು ಮೀಟರ್ ಎಳೆದವರನ್ನು ನೋಡಿದ್ದೇನೆ. ಉಳಿಸಿದ ಹಣವನ್ನು ಪ್ರತಿ ವರ್ಷ ಕಾಯಿಯಲ್ಲಿ ಕಳೆದುಕೊಳ್ಳುತ್ತಿದ್ದಾರೆ.

ಪ್ರಶ್ನೆ: ನಮ್ಮದು ಆರು ವರ್ಷದ ಬಾದಾಮಿ ಮಾವು. ಊರಿನಲ್ಲಿ ಎಲ್ಲರದೂ ಮಳೆಯಾಶ್ರಯ, ನಮಗೆ ಮಾತ್ರ ಡ್ರಿಪ್ ಇದೆ. ವರ್ಷವಿಡೀ ತಪ್ಪದೆ ನೀರು ಕೊಡುತ್ತೇವೆ. ಮರಗಳು ಹಚ್ಚಗೆ ಚೆನ್ನಾಗಿವೆ, ಆದರೆ ನೀರು ಕೊಡದ ಪಕ್ಕದ ತೋಟದಲ್ಲಿ ಹೂವು ತುಂಬಿದರೆ ನಮ್ಮಲ್ಲಿ ಬರೀ ಚಿಗುರು. ನಮ್ಮ ಯಜಮಾನರಿಗೆ ಡ್ರಿಪ್ಪಿನ ಮೇಲೇ ಸಿಟ್ಟು. — ಓದುಗರು, ಶ್ರೀನಿವಾಸಪುರ

ಉತ್ತರ: ತಂಗಿ, ಡ್ರಿಪ್ಪಿನ ತಪ್ಪಿಲ್ಲ, ಬೇಡದ ಕಾಲದಲ್ಲಿ ಕೊಟ್ಟ ನೀರಿನ ತಪ್ಪು. ಮಾವಿಗೆ ಹೂ ಕಟ್ಟುವ ಮೊದಲು ಬಾಯಾರಿಕೆ ಬೇಕು. ಹಿಂಗಾರು ಮುಗಿದ ಮೇಲೆ ಎರಡು ಮೂರು ತಿಂಗಳು ಬೇರು ಒಣಗಿ, ಚಳಿ ಬಿದ್ದಾಗ ಮರ ಬೆಳವಣಿಗೆ ನಿಲ್ಲಿಸುತ್ತದೆ. ಆಗ ತುದಿಯ ಮೊಗ್ಗು ಹೂವಾಗುತ್ತದೆ. ನವೆಂಬರ್–ಡಿಸೆಂಬರಿನಲ್ಲಿ ನೀರು ಸಿಕ್ಕರೆ ಅದೇ ಮೊಗ್ಗು ಚಿಗುರಾಗಿ ಒಡೆಯುತ್ತದೆ. ನಿಮ್ಮ ನೆರೆಯವರ ಮರಗಳಿಗೆ ಬಡತನ ಕೊಟ್ಟದ್ದನ್ನು ನಿಮ್ಮ ಮರಗಳಿಗೆ ನೀವೇ ಕೊಡಬೇಕು.

ಮಳೆ ನಿಂತ ಮೇಲೆ ವಾಲ್ವ್ ಮುಚ್ಚಿ. ಹೂವು ಅರಳಿದಾಗಲೂ ತೆರೆಯಬೇಡಿ, ಮನಸ್ಸು ಎಳೆಯುತ್ತದೆ, ಆದರೂ ಬೇಡ. ಕಾಯಿ ಬಟಾಣಿ ಗಾತ್ರಕ್ಕೆ ಬಂದಾಗ ಮೊದಲ ನೀರು, ಅದೂ ಸ್ವಲ್ಪದಿಂದ ಶುರು ಮಾಡಿ ಹದಿನೈದು ದಿನಗಳಲ್ಲಿ ಪೂರ್ತಿ ಪ್ರಮಾಣಕ್ಕೆ ಏರಿಸಿ. ಕಾಯಿ ಉದುರುವುದು ಕಡಿಮೆಯಾಗುವುದು, ಗಾತ್ರ ಬರುವುದು ಆಗ. ನೆರೆಯವರಿಗಿಂತ ನಿಮ್ಮ ಕೈ ಮೇಲಾಗುವುದೂ ಅಲ್ಲಿಯೇ, ಏಕೆಂದರೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅವರಿಗೆ ನೀರಿಲ್ಲ. ಕೊಯ್ಲಿಗೆ ಎರಡು ಮೂರು ವಾರ ಮೊದಲು ಮತ್ತೆ ನಿಲ್ಲಿಸಿದರೆ ಹಣ್ಣಿಗೆ ಸಿಹಿ ಬರುತ್ತದೆ, ತಾಳಿಕೆಯೂ ಬರುತ್ತದೆ. ಫಸಲಿಗೆ ಬಾರದ ಎಳೆ ಗಿಡಗಳಿಗೆ ಈ ಉಪವಾಸ ಬೇಡ. ಮೊದಲ ಮೂರು ನಾಲ್ಕು ವರ್ಷ ಅವಕ್ಕೆ ನೀರು ಕೊಟ್ಟೇ ಬೆಳೆಸಬೇಕು.

ಹೂ ತರಿಸುವ ಔಷಧಿಯ ಬಗ್ಗೆಯೂ ಕೇಳಿದ್ದೀರಿ. ಒಂದು ವರ್ಷ ನೀರು ನಿಲ್ಲಿಸಿ ನೋಡಿ. ಅದಾದ ಮೇಲೆ ಬೇಕಾದರೆ ಆ ಮಾತು.

ಪ್ರಶ್ನೆ: ಅಳಿಲು, ಇಲಿಗಳು ದಿನಕ್ಕೆ ಹತ್ತು ಕಡೆ ಪೈಪ್ ಕಡಿಯುತ್ತವೆ. ಜಾಯಿನರ್ ಹಾಕಿ ಹಾಕಿ ಸಾಕಾಗಿದೆ. — ಓದುಗರು, ಗೌರಿಬಿದನೂರು

ಉತ್ತರ: ಬೇಸಿಗೆಯಲ್ಲಿ ಅವು ಕಡಿಯುವುದು ಹೆಚ್ಚಾಗಿ ಬಾಯಾರಿಕೆಗೆ. ಬದುವಿನ ಉದ್ದಕ್ಕೂ ಐವತ್ತು ಅರವತ್ತು ಅಡಿಗೊಂದು ಮಣ್ಣಿನ ತಟ್ಟೆ ಇಟ್ಟು ನೀರು ತುಂಬಿಸಿ. ನಮ್ಮಲ್ಲಿ ಹಾಗೆ ಮಾಡಿದ ಮೇಲೆ ದಿನದ ಕಡಿತ ಒಂದೆರಡಕ್ಕೆ ಇಳಿಯಿತು. ಪೂರ್ತಿ ನಿಂತಿಲ್ಲ. ದ್ರಾಕ್ಷಿಯಾದರೆ ಪೈಪನ್ನು ನೆಲದಿಂದ ಎರಡು ಅಡಿ ಮೇಲೆ ತಂತಿಗೆ ಕಟ್ಟಿ. ವಿಷ ಇಡಬೇಡಿ. ವಿಷ ತಿಂದ ಇಲಿಯನ್ನು ಗೂಬೆ ತಿಂದು ಸತ್ತರೆ ಮುಂದಿನ ವರ್ಷ ಇಲಿ ಇಮ್ಮಡಿ.

ಪ್ರಶ್ನೆ: ಕೊಳವೆಬಾವಿಯ ನೀರು ಗಡಸು. ಡ್ರಿಪ್ಪರ್‌ಗಳ ಬಾಯಲ್ಲಿ ಬಿಳಿ ಪೊರೆ ಕಟ್ಟಿ ಅರ್ಧದಷ್ಟು ನಿಂತಿವೆ. ಆಸಿಡ್ ಬಿಟ್ಟರೆ ಎಲ್ಲ ತೆರೆದುಕೊಳ್ಳುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಬ್ಲೀಚಿಂಗ್ ಪೌಡರ್ ಕೂಡ ಸೇರಿಸಿದರೆ ಪಾಚಿಯೂ ಹೋಗುತ್ತದಂತೆ. ಎಷ್ಟು ಬಿಡಬೇಕು? — ಓದುಗರು, ಜಮಖಂಡಿ

ಉತ್ತರ: ಎಲ್ಲಕ್ಕಿಂತ ಮೊದಲು ಇದನ್ನು ಓದಿ, ಮನೆಯಲ್ಲಿ ಕೆಲಸಕ್ಕೆ ಬರುವವರಿಗೂ ಓದಿ ಹೇಳಿ: ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದೆಂದಿಗೂ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಪಂಪ್ ಮನೆಯ ನಾಲ್ಕು ಗೋಡೆಗಳ ನಡುವೆ ಅದು ಜೀವ ತೆಗೆಯಬಲ್ಲದು. ಒಂದೇ ಡ್ರಮ್ ಅನ್ನು ಎರಡಕ್ಕೂ ಬಳಸಬೇಡಿ. ಒಂದೇ ದಿನ ಎರಡನ್ನೂ ಬಿಡಬೇಡಿ.

ಇನ್ನು ಆಸಿಡ್. ಅದು ಎಲ್ಲ ಬಿಳಿ ಪೊರೆಗೂ ಮದ್ದಲ್ಲ. ಇದನ್ನು ನಾನು ಬೆಲೆ ಕೊಟ್ಟು ಕಲಿತೆ. ಆರು ವರ್ಷದ ಹಿಂದೆ ಹಸ್ತ ಬಹಾರದಲ್ಲಿ, ಅಂದರೆ ಹಸ್ತ ಮಳೆಯ ಹೊತ್ತಿಗೆ ಹೂ ಬಿಡಿಸುವ ದಾಳಿಂಬೆ ಹಂಗಾಮಿನಲ್ಲಿ, ಕೆಲಸ ಬೇಗ ಮುಗಿಯಲೆಂದು ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಮೆಗ್ನೀಸಿಯಂ ಸಲ್ಫೇಟನ್ನು ಒಂದೇ ಡ್ರಮ್ಮಿನಲ್ಲಿ ಕಲಸಿದೆ. ಕೋಲಾಡಿಸುತ್ತಿದ್ದಂತೆ ತಿಳಿಯಾಗಿದ್ದ ನೀರು ಮಜ್ಜಿಗೆಯಂತೆ ಬೆಳ್ಳಗಾಯಿತು. ಇನ್ನೂ ಕರಗಿಲ್ಲ, ಕರಗುತ್ತದೆ ಎಂದುಕೊಂಡು ವೆಂಚುರಿಗೆ (ಡ್ರಮ್ಮಿನ ದ್ರಾವಣವನ್ನು ಪೈಪಿನ ನೀರಿಗೆ ಎಳೆದುಕೊಳ್ಳುವ ಸಾಧನಕ್ಕೆ) ಹಚ್ಚಿಬಿಟ್ಟೆ. ವಾರದಲ್ಲಿ ಎರಡು ಸಾಲು ಪೂರ್ತಿ ನಿಂತವು. ಆಸಿಡ್ ಬಿಟ್ಟೆ, ತೆರೆಯಲಿಲ್ಲ. ಮತ್ತೆ ಬಿಟ್ಟೆ. ಕೊನೆಗೆ ಪೈಪ್ ಕತ್ತರಿಸಿ, ಒಳಗಿನ ಡ್ರಿಪ್ಪರನ್ನು ಬ್ಲೇಡಿನಿಂದ ಸೀಳಿ ಬಿಸಿಲಿಗೆ ಹಿಡಿದು ನೋಡಿದೆ. ನೀರು ಸುತ್ತಿ ಸುತ್ತಿ ಬರಲೆಂದು ಗರಗಸದ ಹಲ್ಲಿನಂತೆ ಮಾಡಿರುವ ಸಣ್ಣ ದಾರಿ ಇರುತ್ತದಲ್ಲ, ಅದರ ಒಂದೊಂದು ಹಲ್ಲಿನ ಸಂದಿಯಲ್ಲೂ ಬಿಳಿಯ ಗಟ್ಟಿ ಪುಡಿ, ಹಲ್ಲಿನ ಸಂದಿಯಲ್ಲಿ ಕೂತ ಪಾಚಿಯ ಹಾಗೆ. ಅದು ಜಿಪ್ಸಮ್. ಸುಣ್ಣ ಆಸಿಡಿಗೆ ಕರಗುತ್ತದೆ, ಜಿಪ್ಸಮ್ ಕರಗುವುದಿಲ್ಲ. ಎರಡು ಸಾಲಿನ ಪೈಪನ್ನು ಕಿತ್ತು ಹೊಸದು ಹಾಕಬೇಕಾಯಿತು. ಕ್ಯಾಲ್ಸಿಯಂ ಗೊಬ್ಬರವನ್ನು ಸಲ್ಫೇಟ್ ಇರುವುದರ ಜೊತೆಗಾಗಲಿ ರಂಜಕ ಇರುವುದರ ಜೊತೆಗಾಗಲಿ ಒಂದೇ ಡ್ರಮ್ಮಿಗೆ ಹಾಕಬಾರದೆಂಬ ಮಾತು ಅಂದಿನಿಂದ ನಮ್ಮ ಪಂಪ್ ಮನೆಯ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿದೆ.

ಆದ್ದರಿಂದ ನೀವೂ ಮೊದಲು ಒಂದು ಡ್ರಿಪ್ಪರ್ ಸೀಳಿ. ಬಿಳಿ ಪುಡಿಯ ಮೇಲೆ ಒಂದು ಹನಿ ಆಸಿಡ್ ಬಿಡಿ, ನಿಂಬೆ ರಸವಾದರೂ ಆದೀತು. ನೊರೆಗುಟ್ಟಿದರೆ ಅದು ಸುಣ್ಣ, ನಿಮ್ಮ ಗಡಸು ನೀರಿನದು. ಆಸಿಡ್ ಕೆಲಸ ಮಾಡುತ್ತದೆ. ಸುಮ್ಮನಿದ್ದರೆ ಆಸಿಡಿಗೆ ದುಡ್ಡು ಹಾಕಬೇಡಿ. ಲೋಳೆಯಾಗಿ ಬೆರಳಿಗೆ ಜಾರಿದರೆ ಅದು ಪಾಚಿ ಅಥವಾ ಸೂಕ್ಷ್ಮಾಣುವಿನ ಲೋಳೆ, ಅದಕ್ಕೆ ಕ್ಲೋರಿನ್ ಬೇಕು.

ಸುಣ್ಣವೆಂದು ಖಾತ್ರಿಯಾದರೆ ಪ್ರಮಾಣವನ್ನು ಅಂಗಡಿಯಲ್ಲಿ ಕೇಳಬೇಡಿ, ನಿಮ್ಮ ನೀರನ್ನೇ ಕೇಳಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಿಮ್ಮ ಬಾವಿಯ ಹತ್ತು ಲೀಟರ್ ನೀರು ತೆಗೆದುಕೊಂಡು ಸಿರಿಂಜಿನಿಂದ ಒಂದೊಂದೇ ಮಿ.ಲೀ. ಹೈಡ್ರೋಕ್ಲೋರಿಕ್ ಆಸಿಡ್ ಸೇರಿಸುತ್ತ, ನೀರಿನ ಹುಳಿ ಎಷ್ಟೆಂದು ಹೇಳುವ ಪಿ.ಎಚ್. ಕಾಗದ 4 ತೋರಿಸುವವರೆಗೆ ಹೋಗಿ. ಉದಾಹರಣೆಗೆ 8 ಮಿ.ಲೀ. ಹಿಡಿಯಿತು ಎನ್ನಿ. ಎಂದರೆ ಲೀಟರಿಗೆ 0.8 ಮಿ.ಲೀ. ಒಂದು ಎಕರೆಯ ವಾಲ್ವಿನಲ್ಲಿ ನಿಮಿಷಕ್ಕೆ 80 ಲೀಟರ್ ಹೋಗುತ್ತಿದ್ದರೆ 20 ನಿಮಿಷಕ್ಕೆ 1,600 ಲೀಟರ್. ಅದಕ್ಕೆ ಬೇಕಾಗುವ ಆಸಿಡ್ ಒಂದೂಕಾಲು ಲೀಟರಿಗೆ ತುಸು ಹೆಚ್ಚು. ಇದನ್ನು ಡ್ರಮ್ಮಿನ ನೀರಿಗೆ ಸೇರಿಸಿ ವೆಂಚುರಿಯ ಮೂಲಕ 20 ನಿಮಿಷಗಳಲ್ಲಿ ಎಳೆಸಿ. ನೀರಿಗೆ ಆಸಿಡ್ ಹಾಕಬೇಕು, ಆಸಿಡಿಗೆ ನೀರು ಹಾಕಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ರಬ್ಬರ್ ಕೈಗವಸು ಇಲ್ಲದೆ ಮುಟ್ಟಬೇಡಿ. ಪಕ್ಕದಲ್ಲಿ ಎರಡು ಕೊಡ ತಿಳಿ ನೀರು ಇರಲಿ.

ಕಟ್ಟಕಡೆಯ ಡ್ರಿಪ್ಪರಿನ ಹನಿಗೆ ಪಿ.ಎಚ್. ಕಾಗದ ಹಿಡಿದು 4 ಕಂಡಾಗ ಪಂಪ್ ನಿಲ್ಲಿಸಿ. ಕನಿಷ್ಠ ಒಂದು ತಾಸು ಪೈಪಿನಲ್ಲಿ ನಿಲ್ಲಬೇಕು; ನಾನು ಸಂಜೆ ಬಿಟ್ಟು ರಾತ್ರಿಯಿಡೀ ಹಾಗೆಯೇ ಇಡುತ್ತೇನೆ. ಬೆಳಿಗ್ಗೆ ಎಲ್ಲ ಕೊನೆಗಳನ್ನೂ ಬಿಚ್ಚಿ ತೊಳೆಯಿರಿ. ಬಿಚ್ಚದೆ ಬಿಟ್ಟರೆ ಕರಗಿ ಬಿದ್ದ ಚೂರುಗಳೇ ಮತ್ತೆ ಹೋಗಿ ಕೂರುತ್ತವೆ. ಆಮೇಲೆ ಮತ್ತೆ ಲೋಟ ಇಟ್ಟು ಅಳೆಯಿರಿ. ಪೂರ್ತಿ ನಿಂತುಹೋದ ಡ್ರಿಪ್ಪರಿನೊಳಗೆ ಆಸಿಡ್ ಹರಿಯುವುದೇ ಇಲ್ಲ, ಅವನ್ನು ಬದಲಿಸುವುದೇ ದಾರಿ. ಹಾಗಾಗಿ ಹರಿವು ಕಾಲು ಭಾಗ ಕುಗ್ಗುವ ಮೊದಲೇ ಈ ಕೆಲಸ ಆಗಬೇಕು.

ಪ್ರಶ್ನೆ: ನಿಂಬೆ ಗಿಡಗಳ ಸುತ್ತ ಬಿಳಿ ಉಪ್ಪಿನ ಉಂಗುರ ಕಟ್ಟುತ್ತದೆ. ಬಾವಿಯ ನೀರು ಸವಳು. ಕಳೆದ ಜೂನ್‌ನಲ್ಲಿ ಮೊದಲ ಮಳೆ ಬಿದ್ದು ವಾರದೊಳಗೆ ಎಲೆಯ ಅಂಚು ಸುಟ್ಟು ಉದುರಿದವು. ಮಳೆಯಿಂದ ಗಿಡ ಸುಡುವುದುಂಟೇ? — ಓದುಗರು, ಇಂಡಿ

ಉತ್ತರ: ಉಂಟು. ಇದನ್ನು ಕೇಳಿದವರು ನೀವೊಬ್ಬರೇ ಅಲ್ಲ, ಆದರೆ ಇಷ್ಟು ಸರಿಯಾಗಿ ಗಮನಿಸಿ ಬರೆದವರು ನೀವೇ.

ಡ್ರಿಪ್ಪರಿನ ಕೆಳಗೆ ನೀರು ಹರಡುತ್ತ ಹೋಗುವಾಗ ಉಪ್ಪನ್ನೂ ತನ್ನ ಮುಂದೆ ತಳ್ಳಿಕೊಂಡು ಹೋಗುತ್ತದೆ. ತೇವ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಉಪ್ಪು ಕೂರುತ್ತದೆ. ಅದೇ ನಿಮ್ಮ ಬಿಳಿ ಉಂಗುರ. ಒಳಗಿನ ಮಣ್ಣು ತೊಳೆದು ಹಸನಾಗಿರುತ್ತದೆ, ಬೇರೂ ಅಲ್ಲಿಯೇ ಇರುತ್ತದೆ. ಸವಳು ನೀರಿನಲ್ಲೂ ಡ್ರಿಪ್ಪಿನಲ್ಲಿ ಗಿಡ ಬದುಕುವುದು ಇದರಿಂದಲೇ. ಈಗ ಸಣ್ಣದೊಂದು ಮಳೆ ಬಂತು. ನೀವು ಖುಷಿಯಿಂದ ಪಂಪ್ ನಿಲ್ಲಿಸಿದಿರಿ. ಮಳೆಯ ನೀರು ಆ ಉಂಗುರವನ್ನು ಕರಗಿಸಿ ನೇರ ಬೇರಿನ ಬಾಯಿಗೆ ಇಳಿಸಿತು. ಕೆಳಕ್ಕೆ ತೊಳೆದುಕೊಂಡು ಹೋಗುವಷ್ಟು ಮಳೆ ಅದಾಗಿರಲಿಲ್ಲ.

ಈ ಸಲ ಮೊದಲ ಮಳೆ ಹನಿಯುತ್ತಿದ್ದಂತೆ ಡ್ರಿಪ್ ಹಚ್ಚಿ. ಮಳೆಯಲ್ಲಿ ನೀರು ಬಿಡುವುದನ್ನು ನೋಡಿ ದಾರಿಯಲ್ಲಿ ಹೋಗುವವರು ಏನಾದರೂ ಅನ್ನಲಿ. ಉಪ್ಪು ಹೊರಗೇ ಉಳಿಯಬೇಕು, ಇಲ್ಲವೇ ಬೇರಿನ ಕೆಳಗೆ ಇಳಿಯಬೇಕು. ಹದವಾದ ದೊಡ್ಡ ಮಳೆ ಒಂದೆರಡು ಬಿದ್ದ ಮೇಲೆ ನಿಲ್ಲಿಸಿ. ಅದಕ್ಕೂ ಮೊದಲು, ಈಗಲೇ, ಉಂಗುರದ ಮೇಲಿನ ಒಂದಂಗುಲ ಮಣ್ಣನ್ನು ಸಲಿಕೆಯಿಂದ ಹೊರಕ್ಕೆ ಎಳೆದು ಹೊಲದಾಚೆ ಹಾಕಿ. ಕಳೆ ತೆಗೆಯುವವರು ಅದನ್ನು ಬುಡಕ್ಕೆ ಏರಿಸದಂತೆ ನೋಡಿಕೊಳ್ಳಿ. ಡ್ರಿಪ್ಪರಿನ ಜಾಗವನ್ನೂ ಆಗಾಗ ಬದಲಿಸಬೇಡಿ. ನಿಂಬೆ ಉಪ್ಪು ತಾಳುವ ಗಿಡವಲ್ಲ, ದಾಳಿಂಬೆ ಅದಕ್ಕಿಂತ ಗಟ್ಟಿ. ಹೊಸ ನೆಡುವಿಕೆಯ ಯೋಚನೆಯಿದ್ದರೆ ನೀರಿನ ಲವಣಾಂಶ ಪರೀಕ್ಷೆ ಮಾಡಿಸಿದ ಮೇಲೆ ಬೆಳೆ ಆರಿಸಿ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ. ಇರುವ ತೋಟವನ್ನು ಉಪ್ಪಿಗೆ ಬಿಟ್ಟುಕೊಡಬೇಡಿ.

ಪ್ರಶ್ನೆ: ದಾಳಿಂಬೆ ಕಾಯಿ ಬಲಿಯುವ ಹೊತ್ತಿಗೆ ಬಿರಿಯುತ್ತದೆ. ಬೋರಾನ್ ಎರಡು ಸಲ ಸಿಂಪಡಿಸಿದೆವು, ಪ್ರಯೋಜನವಾಗಲಿಲ್ಲ. — ಓದುಗರು, ಹಿರಿಯೂರು

ಉತ್ತರ: ಬೋರಾನ್ ಕೊರತೆಯಿಂದ ಬಿರಿಯುವುದು ನಿಜ. ಆದರೆ ನಿಮ್ಮ ಪತ್ರದ ಕೊನೆಯಲ್ಲಿ, ನೀವೇ ಮುಖ್ಯವೆಂದು ಎಣಿಸದೆ ಬರೆದ ಒಂದು ಸಾಲು ಇದೆ: "ಟ್ರಾನ್ಸ್‌ಫಾರ್ಮರ್ ಸುಟ್ಟು ಎಂಟು ದಿನ ನೀರಿರಲಿಲ್ಲ, ಬಂದ ದಿನ ಐದು ತಾಸು ಬಿಟ್ಟೆವು." ಉತ್ತರ ಅಲ್ಲಿದೆ. ಎಂಟು ದಿನದ ಒಣ ಹವೆಯಲ್ಲಿ ಸಿಪ್ಪೆ ಬಿಗಿದು ಗಡುಸಾಯಿತು. ಒಮ್ಮೆಲೇ ನೀರು ಸಿಕ್ಕಾಗ ಒಳಗಿನ ಕಾಳುಗಳು ಉಬ್ಬಿದವು, ಸಿಪ್ಪೆಗೆ ಹಿಗ್ಗಲಾಗಲಿಲ್ಲ. ಹಾಗೆ ನೀರು ತಪ್ಪಿದಾಗ ಬಾಕಿ ತೀರಿಸಲು ಹೋಗಬೇಡಿ. ಮೊದಲ ದಿನ ಅರ್ಧ ತಾಸು, ಮರುದಿನ ಮುಕ್ಕಾಲು, ಹೀಗೆ ನಾಲ್ಕೈದು ದಿನಗಳಲ್ಲಿ ಎಂದಿನ ಪ್ರಮಾಣಕ್ಕೆ ಬನ್ನಿ. ಬುಡಕ್ಕೆ ಕಬ್ಬಿನ ರವದಿಯೋ ಒಣ ಹುಲ್ಲೋ ನಾಲ್ಕು ಅಂಗುಲ ಹೊದಿಸಿದ್ದರೆ ಎಂಟು ದಿನದ ಪೆಟ್ಟೂ ಇಷ್ಟು ಬಲವಾಗಿ ಬೀಳುತ್ತಿರಲಿಲ್ಲ.

ಪ್ರಶ್ನೆ: ನೌಕರಿ ಬಿಟ್ಟು ಊರಿಗೆ ಬಂದು ಎರಡು ವರ್ಷವಾಯಿತು. ದಾಳಿಂಬೆಗೆ ದಿನಕ್ಕೆ ಎಷ್ಟು ತಾಸು ಡ್ರಿಪ್ ಬಿಡಬೇಕೆಂದು ಕೇಳಿದರೆ ಒಬ್ಬರು ಒಂದು ತಾಸು ಅನ್ನುತ್ತಾರೆ, ಇನ್ನೊಬ್ಬರು ನಾಲ್ಕು. ಲೆಕ್ಕದ ದಾರಿ ಇದೆಯೇ ಅಕ್ಕ? — ಓದುಗರು, ಶಿರಾ

ಉತ್ತರ: ಇದೆ, ಕಷ್ಟದ್ದೂ ಅಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ನೀರು ಎಂದರೆ ಒಂದು ಲೀಟರ್. ಇದನ್ನು ಗಂಟು ಕಟ್ಟಿಕೊಳ್ಳಿ. ಹವಾಮಾನ ಕೇಂದ್ರಗಳಲ್ಲಿ ತೆರೆದ ತೊಟ್ಟಿಯಿಂದ ದಿನಕ್ಕೆ ಎಷ್ಟು ಮಿ.ಮೀ. ನೀರು ಆವಿಯಾಯಿತೆಂದು ಅಳೆಯುತ್ತಾರೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ. ಉರಿ ಬೇಸಿಗೆಯ ದಿನ ಅದು 8 ಮಿ.ಮೀ. ಇತ್ತು ಎನ್ನಿ. ಗಿಡಕ್ಕೆ ಅದರ ಹತ್ತರಲ್ಲಿ ಏಳು ಪಾಲು ಹಿಡಿಯೋಣ, 5.6 ಮಿ.ಮೀ. ಮಧ್ಯಾಹ್ನ ಹನ್ನೆರಡಕ್ಕೆ ಗಿಡದ ನೆರಳನ್ನು ಅಡ್ಡ ಅಳೆದರೆ ಎರಡೂವರೆ ಮೀಟರ್, ಎಂದರೆ ನೆರಳಿನ ಜಾಗ ಸುಮಾರು 5 ಚದರ ಮೀಟರ್. ಎರಡನ್ನೂ ಗುಣಿಸಿದರೆ 28 ಲೀಟರ್. 4 ಲೀಟರಿನ ನಾಲ್ಕು ಡ್ರಿಪ್ಪರಿಗೆ ಅದು ಒಂದೂಮುಕ್ಕಾಲು ತಾಸಿನ ಕೆಲಸ. ಅದೇ ಗಿಡಕ್ಕೆ ಮೋಡ ಕವಿದ ಜುಲೈನಲ್ಲಿ, ಆವಿ 4 ಮಿ.ಮೀ. ಇದ್ದಾಗ, ಮಳೆಯಿಲ್ಲದಿದ್ದರೂ ಒಂದು ತಾಸಿಗಿಂತ ಕಡಿಮೆ ಸಾಕು. ಗಿಡ ಚಿಕ್ಕದಿದ್ದರೆ ನೆರಳು ಚಿಕ್ಕದು, ನೀರೂ ಅಷ್ಟೇ. ಒಂದು ತಾಸು ಅಂದವರೂ ನಾಲ್ಕು ಅಂದವರೂ ತಮ್ಮ ತಮ್ಮ ತೋಟದ ಮಟ್ಟಿಗೆ ಸುಳ್ಳು ಹೇಳಿರಲಾರರು.

ಲೆಕ್ಕ ಮುಗಿದ ಮೇಲೆ ಮಣ್ಣನ್ನು ಕೇಳಬೇಕು. ನೀರು ಬಿಟ್ಟ ಮರುದಿನ ಡ್ರಿಪ್ಪರಿನಿಂದ ಗೇಣುದ್ದ ದೂರದಲ್ಲಿ ಒಂದು ಅಡಿ ಆಳ ತೋಡಿ, ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ. ಉಂಡೆಯಾಗಿ ನಿಂತು, ಬೆರಳು ತಾಗಿಸಿದರೆ ಒಡೆದರೆ ಹದ. ಅಂಗೈಗೆ ನೀರು ಮೆತ್ತಿದರೆ ಹೆಚ್ಚಾಯಿತು. ಉಂಡೆಯೇ ಕಟ್ಟದಿದ್ದರೆ ಸಾಲದು. ನಿಮ್ಮ ಕಡೆಯ ಕೆಂಪು ಮರಳುಮಣ್ಣಿನಲ್ಲಿ ನೀರು ಗಜ್ಜರಿಯ ಆಕಾರದಲ್ಲಿ ನೇರ ಕೆಳಗೆ ಇಳಿಯುತ್ತದೆ, ಅಕ್ಕಪಕ್ಕ ಹರಡುವುದಿಲ್ಲ. ಆದ್ದರಿಂದ ಡ್ರಿಪ್ಪರ್ ಹೆಚ್ಚು, ಹೊತ್ತು ಕಡಿಮೆ, ದಿನವೂ. ನನ್ನ ಎರೆಯಲ್ಲಿ ಅದು ಈರುಳ್ಳಿಯ ಹಾಗೆ ಅಗಲಕ್ಕೆ ಹಬ್ಬುತ್ತದೆ. ಅಲ್ಲಿ ಎರಡು ಮೂರು ದಿನಕ್ಕೊಮ್ಮೆ ದೀರ್ಘವಾಗಿ ಬಿಡುತ್ತೇನೆ. ಎರೆಗೆ ದಿನವೂ ಬಿಟ್ಟರೆ ಬೇರಿಗೆ ಉಸಿರು ಕಟ್ಟುತ್ತದೆ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ನೆಟ್ಟ ವರ್ಷ ಬುಡಕ್ಕೆ ತಾಗಿ ಎಳೆದ ಪೈಪು ಹೆಚ್ಚಿನ ತೋಟಗಳಲ್ಲಿ ಐದನೆಯ ವರ್ಷವೂ ಅಲ್ಲಿಯೇ ಇರುತ್ತದೆ. ಬೇರು ಹೊರಗೆ ಹೋಗಿರುತ್ತದೆ, ನೀರು ಕಾಂಡಕ್ಕೆ ಬೀಳುತ್ತಿರುತ್ತದೆ. ದಾಳಿಂಬೆಯ ಸೊರಗು ರೋಗಕ್ಕೆ ಇದಕ್ಕಿಂತ ಒಳ್ಳೆಯ ಆಹ್ವಾನವಿಲ್ಲ. ಮೂರನೆಯ ವರ್ಷದಿಂದ ಎರಡೂ ಬದಿಗೆ ಒಂದೊಂದು ಸಾಲು, ಕಾಂಡದಿಂದ ಒಂದೂವರೆ ಎರಡು ಅಡಿ ದೂರಕ್ಕೆ ಸರಿಸಿ. ಪೈಪನ್ನು ಬಿಗಿಯಾಗಿ ಎಳೆಯಬೇಡಿ. ಕಪ್ಪು ಪೈಪು ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. 60 ಮೀಟರಿನ ಸಾಲು ಬೆಳಗಿನಿಂದ ಮಧ್ಯಾಹ್ನಕ್ಕೆ ಒಂದು ಅಡಿಯಷ್ಟು ಉದ್ದವಾದದ್ದನ್ನು ನಾನು ಗೂಟ ಹೊಡೆದು ಅಳೆದಿದ್ದೇನೆ. ಮಧ್ಯಾಹ್ನ ಬಿಗಿದು ಕಟ್ಟಿದರೆ ನಸುಕಿಗೆ ಜಾಯಿನರ್ ಕಿತ್ತುಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಕಡೆ ತ್ರೀಫೇಸ್ ಕರೆಂಟು ಹೆಚ್ಚಾಗಿ ರಾತ್ರಿಯೇ ಬರುತ್ತದೆ. ಆಟೋ ಸ್ಟಾರ್ಟರ್ ಇಟ್ಟು ಮಲಗಬಹುದೇ? ವಯಸ್ಸಾಗಿದೆ, ಕತ್ತಲಲ್ಲಿ ಹೊಲಕ್ಕೆ ಹೋಗಲು ಆಗುವುದಿಲ್ಲ. — ಓದುಗರು, ಹೊಸದುರ್ಗ

ಉತ್ತರ: ಹಿರಿಯರೇ, ಕತ್ತಲಲ್ಲಿ ನೀವು ಹೋಗಬೇಡಿ, ಹಾವು, ಕರಡಿ, ತುಂಡಾದ ತಂತಿ, ಯಾವುದಕ್ಕೂ ಬೆಳಕಿರುವುದಿಲ್ಲ. ಗಿಡಕ್ಕಂತೂ ರಾತ್ರಿಯ ನೀರಿನಿಂದ ತೊಂದರೆಯಿಲ್ಲ, ಆವಿಯಾಗುವುದು ಕಡಿಮೆ, ಲಾಭವೇ. ತೊಂದರೆ ಇರುವುದು ಯಾರೂ ನೋಡದಿರುವುದರಲ್ಲಿ. ಹತ್ತು ಗಂಟೆಗೆ ಒಂದು ಜಾಯಿನರ್ ಕಿತ್ತುಕೊಂಡರೆ ಬೆಳಗಿನವರೆಗೆ ಒಂದು ಗಿಡದ ಬುಡ ಕೆರೆಯಾಗಿರುತ್ತದೆ, ಉಳಿದ ಗಿಡಗಳಿಗೆ ಹನಿಯೂ ಸಿಕ್ಕಿರುವುದಿಲ್ಲ. ಕರೆಂಟು ಬಂದ ಕ್ಷಣ ಊರಿನ ಎಲ್ಲ ಆಟೋ ಸ್ಟಾರ್ಟರ್‌ಗಳೂ ಒಟ್ಟಿಗೆ ಪಂಪ್ ಎತ್ತಿದರೆ ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ, ಹಿರಿಯೂರಿನವರ ಪತ್ರ ಓದಿದಿರಲ್ಲ.

ರಾತ್ರಿಯ ಕರೆಂಟಿನಲ್ಲಿ ಬಾವಿಯ ನೀರನ್ನು ತೊಟ್ಟಿಗೋ ಕೃಷಿ ಹೊಂಡಕ್ಕೋ ಎತ್ತಿ ತುಂಬಿಸಿ, ಬೆಳಿಗ್ಗೆ ಅಲ್ಲಿಂದ ಸಣ್ಣ ಸೌರ ಪಂಪ್‌ನಲ್ಲಿ ಡ್ರಿಪ್ಪಿಗೆ ಬಿಡಿ. ಖರ್ಚು ಒಮ್ಮೆ ಬೀಳುತ್ತದೆ, ನಿಜ. ಮಗನೋ ಮೊಮ್ಮಗನೋ ಊರಿನಲ್ಲಿದ್ದಾಗ ಕೂತು ಲೆಕ್ಕ ಹಾಕಿ. ಹೊಂಡಕ್ಕೆ ಬಿಸಿಲು ಬಿದ್ದರೆ ಪಾಚಿ ಬರುತ್ತದೆ, ಆಗ ಜಾಲರಿ ಫಿಲ್ಟರ್ ಒಂದೇ ಸಾಲದು, ಮರಳು ಫಿಲ್ಟರ್ ಬೇಕೇ ಬೇಕು. ಮೇಲೆ ನೆರಳು ಬಲೆ ಹಾಕಿದರೆ ಅರ್ಧ ಕೆಲಸ ತಪ್ಪುತ್ತದೆ. ಹೀರುವ ಪೈಪಿನ ಬಾಯಿ ತಳಕ್ಕೂ ತಾಗಬಾರದು, ಮೇಲ್ಪದರಕ್ಕೂ ಬರಬಾರದು. ಖಾಲಿ ಕ್ಯಾನಿಗೆ ಕಟ್ಟಿ ಎರಡು ಅಡಿ ಕೆಳಗೆ ತೂಗುಬಿಡಿ. ಅಷ್ಟಾಗುವವರೆಗೆ ಬೆಳಿಗ್ಗೆ ಸಿಗುವ ಕರೆಂಟಿನಲ್ಲಿ ಒಂದೊಂದೇ ವಾಲ್ವ್ ಸರದಿಯಂತೆ ಬಿಡಿ, ಲೋಟವನ್ನು ಕೊನೆಯ ಸಾಲಿನಲ್ಲಿಯೇ ಒಂದು ಗೂಟಕ್ಕೆ ಬೋರಲು ಹಾಕಿಟ್ಟಿರಿ.